ಎರಡು ಮಡಕೆ ಕಡಲೆ

ಜುಲೈ 29, ಗುರುವಾರ

ಗಂಡ ಯಾಕುಮಿಸ್ ತೀರಿಕೊಂಡ ಮೇಲೆ ಈ ದಿನಚರಿ ಪುಸ್ತಕ ಮುಟ್ಟಿರಲಿಲ್ಲ. ಇವತ್ತು ಮುಟ್ಟಲೇಬೇಕಾಯಿತು. ಇಲ್ಲದಿದ್ದರೆ ಕೈಯಲ್ಲಿದ್ದ ಸೌಟು ಮೈದುನನ ತಲೆಯ ಮೇಲೆ ಇಳಿಯುತ್ತಿತ್ತು.

ಮಧ್ಯಾಹ್ನದ ಹಡಗು ಹೋದ ಮೇಲೆ ಝೆಪೊಸ್ ಒಂದು ರಟ್ಟಿನ ಡಬ್ಬಿ ಹೊತ್ತುಕೊಂಡು ಅಡುಗೆಮನೆಗೆ ಬಂದ. ಹಿಂದೆ ಅವನ ಹೆಂಡತಿ. ಡಬ್ಬಿ ತುಂಬ ಪ್ಲಾಸ್ಟಿಕ್ ಹೊದಿಸಿದ ಮೆನು ಹಾಳೆಗಳು, ಐದು ಭಾಷೆಯಲ್ಲಿ ಹೆಸರು, ಒಂದೊಂದಕ್ಕೂ ಫೋಟೋ. ಬದನೆಕಾಯಿ ಮಾಂಸ ಪದರಪದರವಾಗಿ ಇಟ್ಟ ಮುಸಾಕಾ, ಕಡ್ಡಿಗೆ ಚುಚ್ಚಿದ ಮಾಂಸ, ಸಾಬೂನಿನ ಬಿಲ್ಲೆಯಂಥ ಚೀಸ್ ಕೂರಿಸಿದ ಸಲಾಡ್. ಅದರಲ್ಲಿ ಒಂದೂ ನಾನು ಮಾಡಿದ್ದಲ್ಲ. ಫೋಟೋದಲ್ಲಿರುವ ಮೇಜು ಕೂಡ ನಮ್ಮ ಖಾನಾವಳಿಯದಲ್ಲ.

"ಅತ್ತಿಗೆ, ಹದಿನೈದನೇ ತಾರೀಕು ಹಬ್ಬದಿಂದ ಪ್ರತಿ ಭಾನುವಾರ ದೊಡ್ಡ ದ್ವೀಪದಿಂದ ವಿಹಾರದ ದೋಣಿ ಬರತ್ತೆ. ಒಂದೇ ಸಲಕ್ಕೆ ನಲವತ್ತು ಜನ. ಕ್ಯಾಪ್ಟನ್ ಜೊತೆ ಮಾತಾಡಿದೀನಿ."

"ನಲವತ್ತು ಜನರಿಗೆ ಮುಸಾಕಾಗೆ ಬದನೆಕಾಯಿ ಹೆಚ್ಚೋರು ಯಾರು?"

"ಯಾರೂ ಹೆಚ್ಚೋದು ಬೇಡ. ಪಿರೇಯಸ್ ಬಂದರಿನಿಂದ ಮಾಡಿದ್ದೇ ಡಬ್ಬೀಲಿ ಬರತ್ತೆ, ಮಂಜುಗಡ್ಡೆ ಕಟ್ಟಿರೋದು. ಬಿಸಿ ಮಾಡಿ ಇಟ್ರಾಯ್ತು."

ನಾನು ಗದ್ದ ಮೇಲೆತ್ತಿ ನಾಲಿಗೆಯಲ್ಲಿ 'ತ್ಸ್' ಎಂದೆ. ನಮ್ಮ ದ್ವೀಪದಲ್ಲಿ ಹಸುಗೂಸಿಗೂ ಗೊತ್ತು, ಅದರರ್ಥ ಆಗುವುದಿಲ್ಲ ಎಂದು.

"ಅಣ್ಣ ಇದ್ದಿದ್ರೆ ಒಪ್ಕೋತಿದ್ದ" ಎಂದ.

"ನಿಮ್ಮಣ್ಣ ಇದ್ದಿದ್ರೆ ನೀನು ಈ ಡಬ್ಬಿ ಹಿಡ್ಕೊಂಡು ಹೊಸ್ತಿಲು ದಾಟ್ತಿರ್ಲಿಲ್ಲ."

ಆಗ ಬಾಯಿ ಬಿಟ್ಟ. ನಾನು ಮಾಡದಿದ್ದರೆ ಹಬ್ಬಕ್ಕೆ ಪಿರೇಯಸ್‌ನಿಂದ ಅಡುಗೆಯವನನ್ನು ಕರೆಸುತ್ತಾನಂತೆ. ನಾನು ಮನೆಯಲ್ಲಿ ಆರಾಮಾಗಿ ಇರಬೇಕಂತೆ. ಅರ್ಧ ಖಾನಾವಳಿ ನನ್ನ ಗಂಡನದು, ಈಗ ನನ್ನದು ಎಂದೆ. "ಅರ್ಧ ಅಡುಗೆಮನೆ ಅಂತ ಇರಲ್ಲ ಅತ್ತಿಗೆ. ಎವ್ದೊಕಿಯಾ, ಡಬ್ಬಿ ಅಲ್ಲಿಡು" ಎಂದು ಹೆಂಡತಿಗೆ ಹೇಳಿ ಹೋದ. ಅವಳು ಇಟ್ಟಳು. ಬಾಯಿಗೆ ಬೀಗ ಹಾಕಿಕೊಂಡು ಬಂದವಳು ಹಾಗೇ ಹೋದಳು.

ಅತ್ತೆಯ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ಬೆಂದಿದ್ದೇನೆ. ಯಾರು ಬರುತ್ತಾರೋ ಬರಲಿ, ನೋಡೇ ಬಿಡುತ್ತೇನೆ.

ಆಗಸ್ಟ್ 1, ಭಾನುವಾರ

ದೇವಮಾತೆಯ ವ್ರತ ಇವತ್ತಿನಿಂದ. ಹದಿನೈದರ ಹಬ್ಬದವರೆಗೆ ಮಾಂಸವಿಲ್ಲ, ಮೀನಿಲ್ಲ, ಹಾಲಿಲ್ಲ, ಚೀಸ್ ಇಲ್ಲ; ರಕ್ತವಿಲ್ಲದ ಆಕ್ಟೋಪಸ್ ಮಾತ್ರ ನಡೆಯುತ್ತದೆ. ಪ್ರತಿ ವರ್ಷ ಈ ಎರಡು ವಾರ ನಾವು ಒಳಗೆ ಒಂದು ತಿಂದು ಹೊರಗೆ ಇನ್ನೊಂದು ಬಡಿಸುತ್ತಿದ್ದೆವು. ಬೆಳಿಗ್ಗೆ ಎದ್ದು ಯೋಚಿಸಿದೆ, ಯಾಕೆ? ಸೀಮೆಸುಣ್ಣ ತೆಗೆದುಕೊಂಡು ಹೊರಗಿನ ಕಪ್ಪುಹಲಗೆಯ ಮೇಲೆ ಬರೆದೆ: ನಾವು ತಿನ್ನುವುದೇ ನಿಮಗೂ. ದಂಟಿನ ಸೊಪ್ಪು ನಿಂಬೆರಸ ಹಾಕಿ. ಈರುಳ್ಳಿಯ ಜೊತೆ ಬೇಯಿಸಿದ ಕೇಪರ್ ಗಿಡದ ಮೊಗ್ಗು. ಬೇಳೆ ಗೊಜ್ಜು. ಬಿಸಿಲಿಗೆ ಒಣಗಿಸಿ ಸುಟ್ಟ ಆಕ್ಟೋಪಸ್. ಮುಗಿಯಿತು.

ಮೊದಲು ಬಂದ ಸಂಸಾರ ಓದಿ ಮುಖ ಮುಖ ನೋಡಿಕೊಂಡಿತು. ಮುಸಾಕಾ ಇಲ್ಲವೇ ಎಂದರು. ಇಲ್ಲ. ಸಲಾಡಿಗೆ ಚೀಸ್? ಇಲ್ಲ. ಹಾಗಾದರೆ ಇದು ಗ್ರೀಕ್ ಊಟವಲ್ಲವೇ ಎಂದ ಗಂಡಸು. ನನಗೆ ಅಲ್ಲೇ ಕೂತು ನಗಬೇಕೆನಿಸಿತು.

ಹಾಲೆಂಡಿನ ಗಂಡ ಹೆಂಡತಿ ಮಾತ್ರ ಕೂತರು. ಗಂಡನ ಹೆಸರು ಯೋಸ್ತ್, ನಿವೃತ್ತ ಅಂಚೆಯವನು. ಯಾವುದೋ ಹಳೇ ಪುಸ್ತಕದಿಂದ ನಮ್ಮ ಭಾಷೆ ಕಲಿತಿದ್ದಾನೆ. "ಮಾನ್ಯರೇ, ತಾವು ಸ್ವತಃ ಯಾವುದನ್ನು ಸೇವಿಸುವಿರೋ ಅದನ್ನೇ ನಮಗೂ ದಯಪಾಲಿಸಿರಿ" ಎಂದ. ಪಾದ್ರಿಗಳು ಕೂಡ ಹಾಗೆ ಮಾತಾಡುವುದಿಲ್ಲ. ದಂಟಿನ ಸೊಪ್ಪು ಇಟ್ಟೆ. ಫೋಟೋ ತೆಗೆದ. ತೆಗೆದು ತೆಗೆದು ಸೊಪ್ಪು ಆರಿಹೋಯಿತು.

"ಊರಿನ ಜನ ಎಲ್ಲಿ ಕುಳಿತು ಭೋಜನ ಮಾಡುತ್ತಾರೆ?" ಎಂದು ಕೇಳಿದ.

"ಮನೇಲಿ. ಇನ್ನೆಲ್ಲಿ?"

ಬೆಪ್ಪಾದ. ಇವರಿಗೆಲ್ಲ ನಮ್ಮ ನಿಜವಾದ ಊಟ ಬೇಕು, ಆದರೆ ಮೇಜಿನ ಮೇಲೆ, ಸಮುದ್ರ ಕಾಣಬೇಕು, ಹನ್ನೆರಡಕ್ಕೆ ಸರಿಯಾಗಿ ಬರಬೇಕು.

ಇಡೀ ದಿನಕ್ಕೆ ಮೂರು ಮೇಜು. ಝೆಪೊಸ್ ತಟ್ಟೆ ಎತ್ತುವಾಗ ನನ್ನ ಕಡೆ ನೋಡಲಿಲ್ಲ. ನಾನು ನಿಂತುಕೊಂಡೇ ಒಂದು ಒಣರೊಟ್ಟಿ ನೀರಿಗದ್ದಿ ತಿಂದೆ. ಯಾಕುಮಿಸ್ ಹೋದ ಮೇಲೆ ಅಷ್ಟೇ ಸಾಕಾಗುತ್ತಿದೆ.

ಆಗಸ್ಟ್ 3, ಮಂಗಳವಾರ

ಎರಡು ಮೇಜು. ಒಂದು ಮೇಜಿನವರು ನೀರು ಕುಡಿದು ಎದ್ದುಹೋದರು. ಹಲಗೆ ಅಳಿಸುವುದಿಲ್ಲ.

ಆಗಸ್ಟ್ 6, ಶುಕ್ರವಾರ

ಇವತ್ತು ವ್ರತದಲ್ಲೂ ಮೀನಿಗೆ ಅಪ್ಪಣೆ ಇರುವ ದಿನ. ಬೆಳಿಗ್ಗೆಯೇ ದೋಣಿಯ ಹತ್ತಿರ ಹೋಗಿ ಸಣ್ಣ ಮೀನು ತಂದೆ. ಬಂದು ನೋಡಿದರೆ ಎಲ್ಲ ಮೇಜಿನ ಮೇಲೂ ಫೋಟೋ ಹಾಳೆಗಳು. ಒಂದೊಂದಾಗಿ ಎತ್ತಿ ತಂದು ಅವುಗಳ ಮೇಲೇ ಮೀನು ಉಜ್ಜಿದೆ. ಪ್ಲಾಸ್ಟಿಕ್ ಒಳ್ಳೆಯದು, ತೊಳೆದರೆ ಹೋಗುತ್ತದೆ. ಝೆಪೊಸ್ ಬಾಗಿಲಲ್ಲಿ ನಿಂತು ನೋಡಿದ.

"ಎಂಟು ದಿನ ಇದೆ ಅತ್ತಿಗೆ" ಎಂದ.

"ಒಂಬತ್ತು. ಲೆಕ್ಕನೂ ಬರಲ್ವಾ ನಿಂಗೆ?"

ಅದಲ್ಲ ನನಗೆ ನೋವಾದದ್ದು. ಬಂದರಿನ ಪೊಲೀಸ್ ಪಾಂಡೆಲಿಸ್ ಬಂದು ಆಲೂಗಡ್ಡೆ ಕರಿದುಕೊಡಿ ಎಂದ. ಈ ಭಾನುವಾರ ಮಡಕೆ ಕಡಲೆ ಮಾಡುತ್ತೇನೆ, ಬಾ ಎಂದೆ. ಅವನು ನಕ್ಕುಬಿಟ್ಟ.

"ಕಡಲೆ ನನ್ನ ಹೆಂಡ್ತಿ ಪ್ರತಿ ಭಾನುವಾರ ಮಾಡ್ತಾಳಲ್ಲ ಅಕ್ಕ. ದುಡ್ಡು ಕೊಟ್ಟು ಇಲ್ಲಿ ಬಂದು ಅದನ್ನೇ ತಿನ್ಲಾ?"

ಹೊರಗಿನವರು ನಮ್ಮದು ಬೇಡವೆಂದರೆ ಬೈಯಬಹುದು. ಊರವರೇ ಅದು ದುಡ್ಡಿಗೆ ಬಾಳುವುದಿಲ್ಲ ಎಂದರೆ ಯಾರಿಗೆ ಬೈಯಲಿ? ಪಾಂಡೆಲಿಸನಿಗೆ ಬೈದೆ. ಆಲೂಗಡ್ಡೆಯನ್ನೂ ಕರಿದುಕೊಡಲಿಲ್ಲ.

ಆಗಸ್ಟ್ 7, ಶನಿವಾರ

ನಿನ್ನೆಯೇ ಬಿಳಿ ಕಡಲೆ ನೆನೆಹಾಕಿದ್ದೆ. ತೊಟ್ಟಿಯ ಮಳೆನೀರು, ಈರುಳ್ಳಿ, ಉಪ್ಪು, ಕೈಬಿಚ್ಚಿ ಆಲಿವ್ ಎಣ್ಣೆ. ಮಡಕೆಯ ಬಾಯಿಗೆ ಹಿಟ್ಟು ಮೆತ್ತಿ ಮುಚ್ಚಳ ಕೂರಿಸಿ, ಹಸಿ ಹಿಟ್ಟಿಗೆ ಮನೆಯ ಕೀಲಿಕೈ ಒತ್ತಿದೆ. ನನ್ನ ಗುರುತು ಅದು. ಒಬ್ಬೊಬ್ಬರದು ಒಂದೊಂದು, ಇಲ್ಲದಿದ್ದರೆ ಮೂವತ್ತು ಮನೆಯ ಮೂವತ್ತು ಮಡಕೆ ಗುಡ್ಡದ ಮೇಲಿನ ಊರೊಲೆ ಒಂದರಲ್ಲೇ ಕೂತಾಗ ಯಾವುದು ಯಾರದೆಂದು ಒಲೆ ನೋಡಿಕೊಳ್ಳುವ ಲೂಕಾಸ್ ಅಜ್ಜನಿಗೆ ಹೇಗೆ ಗೊತ್ತಾಗಬೇಕು? ಅವನು ಒಲೆಯ ಬಾಯಿ ಮುಚ್ಚಿದರೆ ನಾಳೆ ಚರ್ಚು ಬಿಟ್ಟ ಮೇಲೇ ತೆಗೆಯುವುದು.

ನನ್ನ ವಾರಗಿತ್ತಿಯೂ ಮಡಕೆ ತಂದಿದ್ದಳು. ಅವಳ ಗುರುತು ಕೋಟಿನ ಗುಂಡಿ. ಎರಡೂ ಮಡಕೆ ಒಬ್ಬನೇ ಕುಂಬಾರನದು. ಇಬ್ಬರು ಸೊಸೆಯರಿಗೂ ಮದುವೆಗೆ ಅತ್ತೆ ಕೊಟ್ಟದ್ದು, ಹದಿನೈದು ಜನಕ್ಕೆ ಆಗುವಷ್ಟು ದೊಡ್ಡದು. ಆದರೆ ಕಡಲೆ ಮಾಡುವ ಹದ ಕಲಿಸಿದ್ದು ಚಿಕ್ಕ ಸೊಸೆಗೆ ಮಾತ್ರ. ನನಗೆ ಖಾನಾವಳಿಯ ದೊಡ್ಡ ಸೌಟು ಕೊಟ್ಟು, ನೀನು ಊರಿಗೆ ಮಾಡು, ಅವಳು ಮನೆಗೆ ಮಾಡಲಿ ಎಂದುಬಿಟ್ಟಳು. ಅತ್ತೆಯ ಮಣ್ಣಿನ ದಿನ ಯಾರೋ ಹೇಳಿದರು, ಅತ್ತೆ ಮೊಸ್ಕೂಲಾಳ ಕೈ ಎವ್ದೊಕಿಯಾಗೆ ಬಂದಿದೆ ಎಂದು. ಅವತ್ತಿನಿಂದ ನಾವಿಬ್ಬರೂ ಮಾತು ಬಿಟ್ಟೆವು. ಹದಿಮೂರು ವರ್ಷ ಆಯಿತು. ನನಗೇನೂ ನಷ್ಟವಿಲ್ಲ.

ಆಗಸ್ಟ್ 8, ಭಾನುವಾರ



ಚರ್ಚು ಬಿಟ್ಟು ಒಲೆಯ ಹತ್ತಿರ ಹೋದಾಗ ಝೆಪೊಸ್ ಅಲ್ಲಿಗೇ ಬಂದು ಜಗಳ ತೆಗೆದ. ಶೀತಪೆಟ್ಟಿಗೆ ಶುಕ್ರವಾರದ ಹಡಗಿಗೆ ಬರುತ್ತದೆ, ಮೂಲೆ ಖಾಲಿ ಮಾಡಿ ಎಂದ. ಮೂಲೆಯಲ್ಲಿ ನಿನ್ನನ್ನೇ ನಿಲ್ಲಿಸುತ್ತೇನೆ ಎಂದೆ. ಹಾಗೆ ಬೈಯುತ್ತಲೇ ಮಡಕೆ ಎತ್ತಿಕೊಂಡೆ, ಬೈಯುತ್ತಲೇ ಇಳಿದು ಬಂದೆ, ಬೈಯುತ್ತಲೇ ಚಾಕುವಿನ ಹಿಂಬದಿಯಿಂದ ಹಿಟ್ಟು ಒಡೆದೆ.

ಒಂಬತ್ತು ಜನ ತಿಂದರು. ಯೋಸ್ತ್ ಫೋಟೋ ತೆಗೆಯುವುದನ್ನೇ ಮರೆತ. ಅವನ ಹೆಂಡತಿ ತಟ್ಟೆಯನ್ನು ರೊಟ್ಟಿಯಿಂದ ಒರೆಸಿ ಒರೆಸಿ ತಿಂದಳು. ಝೆಪೊಸ್ ಕೂಡ ಅಡುಗೆಮನೆಯ ಮೂಲೆಯಲ್ಲಿ ನಿಂತು ಒಂದು ಬಟ್ಟಲು ತಿಂದ.

"ಅಮ್ಮನ ಕೈರುಚಿ ಅತ್ತಿಗೆ. ಹದಿಮೂರು ವರ್ಷ ಆದ್ಮೇಲೆ ಇವತ್ತು ಸಿಕ್ತು" ಎಂದ. ಕಣ್ಣು ಒದ್ದೆಯಾಗಿತ್ತು.

ನಾನು ಗಾಳಿಯಲ್ಲಿ ತೇಲುತ್ತಿದ್ದೆ. ಎಲ್ಲರೂ ಹೋದ ಮೇಲೆ ತಳದಲ್ಲಿ ಉಳಿದಿದ್ದನ್ನು ನಾನು ಬಾಯಿಗೆ ಹಾಕಿಕೊಂಡೆ. ಹಲ್ಲಿಗೆ ಒಂದು ಕಡ್ಡಿ ಸಿಕ್ಕಿತು. ರೋಸ್ಮರಿ ಕಡ್ಡಿ. ನಾನು ಜನ್ಮದಲ್ಲಿ ಕಡಲೆಗೆ ರೋಸ್ಮರಿ ಹಾಕಿದವಳಲ್ಲ. ಕಸದಿಂದ ಒಡೆದ ಹಿಟ್ಟಿನ ಚೂರುಗಳನ್ನು ಹೆಕ್ಕಿ ಜೋಡಿಸಿದೆ. ಗುಂಡಿಯ ಗುರುತು. ನಾಲ್ಕು ತೂತು, ಸ್ಪಷ್ಟವಾಗಿ.

ಆಗಸ್ಟ್ 9, ಸೋಮವಾರ

ಯಾರಿಗೂ ಗೊತ್ತಿಲ್ಲ. ಎವ್ದೊಕಿಯಾಗೆ ಮಾತ್ರ ಗೊತ್ತು. ಒಲೆಯಲ್ಲಿ ಕೊನೆಗೆ ಉಳಿದದ್ದು ಕೀಲಿಕೈ ಗುರುತಿನ ಮಡಕೆ, ಅದನ್ನು ತೆಗೆದುಕೊಂಡು ಹೋಗಿರುತ್ತಾಳೆ. ಇನ್ನೂ ಬಾಯಿ ಬಿಟ್ಟಿಲ್ಲ. ಯಾವಾಗ ಬಿಡಬೇಕೆಂದು ಕಾಯುತ್ತಿರಬೇಕು.

ಯೋಸ್ತ್ ಯಾರ್ಯಾರಿಗೋ ಹೇಳಿದ್ದಾನೆ. ಇವತ್ತು ಏಳು ಮೇಜು. ಎಲ್ಲರೂ ಕಡಲೆ ಕೇಳಿದರು, ಭಾನುವಾರ ಬನ್ನಿ ಎಂದು ಸೊಪ್ಪು ಕೊಟ್ಟೆ, ತಿಂದರು. ಝೆಪೊಸ್ ಮೆತ್ತಗಾಗಿದ್ದಾನೆ.

"ಪಿರೇಯಸ್‌ನೋರಿಗೆ ಫೋನ್ ಮಾಡಿ ಬೇಡ ಅಂತೀನಿ ಅತ್ತಿಗೆ. ಆ ಕಡಲೆ ಇದ್ರೆ ದೋಣಿಯೋರಿಗೂ ಅದನ್ನೇ ಕೊಡೋಣ" ಎಂದ.

ನಾನು ಹೂಂ ಎಂದರೆ ಗೆದ್ದೆ. ಬಾಯಿ ಮುಚ್ಚಿಕೊಂಡಿದ್ದರೆ ಅಡುಗೆಮನೆ ಉಳಿಯುತ್ತದೆ. ನಾನು ಹೂಂ ಎಂದೆ.

ಆಗಸ್ಟ್ 11, ಬುಧವಾರ

ಎರಡು ದಿನ ನಿದ್ದೆ ಬರಲಿಲ್ಲ. ಡಬ್ಬಿಯ ಮುಸಾಕಾ ನನ್ನದಲ್ಲ ಎಂದು ಕೂಗಾಡಿದವಳು ನಾನು. ಹಾಗಾದರೆ ಈ ಕಡಲೆ ಯಾರದು? ಬೆಳಿಗ್ಗೆ ಮಡಕೆ ಉಜ್ಜಿ ತೊಳೆದು ಕಂಕುಳಲ್ಲಿ ಇಟ್ಟುಕೊಂಡು ಅವಳ ಮನೆಗೆ ಹೋದೆ. ಕ್ಷಮೆ ಕೇಳಲು ಅಲ್ಲ. ಅವರ ಮಡಕೆ ಅವರಿಗೆ ಕೊಡಲು.

ಬಾಗಿಲು ತೆಗೆದಳು. ನನ್ನ ಮಡಕೆ ಅವಳ ಕಟ್ಟೆಯ ಮೇಲೆ ತೊಳೆದು ಬೋರಲು ಹಾಕಿತ್ತು.

"ಭಾನುವಾರವೇ ಬರ್ತೀರಿ ಅನ್ಕೊಂಡಿದ್ದೆ ಅಕ್ಕ" ಎಂದಳು.

"ಕೆಲಸ ಇತ್ತು."

"ಕೂತ್ಕೊಳ್ಳಿ. ನಿಮ್ಮ ಕಡಲೆ ಗಟ್ಟಿ ಇತ್ತು. ಉಪ್ಪು ಮುಂದಾಗಿತ್ತು."

ಹದಿಮೂರು ವರ್ಷದ ಮೇಲೆ ಮಾತು ಶುರುವಾದ ಬಗೆ ಇದು. ನಾನು ಎದ್ದು ಬರುವವಳಿದ್ದೆ. ಅಷ್ಟರಲ್ಲಿ ಕಾಫಿ ಇಟ್ಟುಬಿಟ್ಟಳು. ಚೆನ್ನಾಗಿತ್ತು, ಅದನ್ನು ಹೇಳಲಿಲ್ಲ.

"ಗಂಡನಿಗೆ ಯಾಕೆ ಹೇಳ್ಲಿಲ್ಲ?" ಎಂದು ಕೇಳಿದೆ.

ಅವಳು ತುಂಬ ಹೊತ್ತು ಮೇಜು ಒರೆಸಿದಳು. ಒರೆಸುವುದಕ್ಕೆ ಅಲ್ಲಿ ಏನೂ ಇರಲಿಲ್ಲ.

"ಭಾನುವಾರ ಸಂಜೆ ಮನೆಗೆ ಬಂದ. ಅತ್ತಿಗೆ ಕಡಲೆ ತಿಂದೆ, ಅಮ್ಮನೇ ಎದ್ದು ಬಂದು ಬಡಿಸಿದ ಹಾಗಿತ್ತು ಅಂದ. ನಾನು ಇಪ್ಪತ್ತಾರು ವರ್ಷದಿಂದ ಪ್ರತಿ ಭಾನುವಾರ ಅದೇ ಕಡಲೆ ಅವನ ತಟ್ಟೆಗೆ ಹಾಕ್ತಿದೀನಿ ಅಕ್ಕ. ಫೋನ್ ನೋಡ್ತಾ ತಿಂತಾನೆ. ಅವತ್ತು ನಿಮ್ಮ ಮಡಕೆದು ಹಾಕ್ದೆ. ಎರಡು ತುತ್ತು ತಿಂದು ಏನಂದ ಗೊತ್ತಾ? ನೋಡು, ನೀನೂ ಅತ್ತಿಗೆ ಹತ್ರ ಹೋಗಿ ಕಲ್ತ್ಕೋ ಅಂದ."

ಮೊದಲು ನನಗೆ ನಗು ಬಂತು. ಆಮೇಲೆ ಬರಲಿಲ್ಲ.

"ಪಿರೇಯಸ್ ಅಡುಗೆಯವನು ಅಂತ ಯಾರೂ ಇಲ್ಲ" ಎಂದಳು. "ಆ ಡಬ್ಬಿ ಊಟ ಬಿಸಿ ಮಾಡೋಕೆ ನನ್ನನ್ನೇ ನಿಲ್ಲಿಸ್ಬೇಕು ಅಂತಿದ್ದ. ನನ್ನ ಒಂದ್ಮಾತೂ ಕೇಳಿಲ್ಲ."

ಬರುವಾಗ ನನ್ನ ಮಡಕೆ ಕೈಗೆ ಕೊಟ್ಟಳು. ಒಳಗೆ ಅಂಜೂರ ತುಂಬಿಸಿದ್ದಳು.

ಆಗಸ್ಟ್ 12, ಗುರುವಾರ

ಹೇಳಿಬಿಟ್ಟೆ.

ಎಂಟು ಮೇಜು ತುಂಬಿದ್ದವು. ಪಾಂಡೆಲಿಸ್ ಕೂಡ ಕಾಫಿಗೆ ಬಂದಿದ್ದ. ಝೆಪೊಸ್ ಯೋಸ್ತ್‌ನ ಹೆಗಲ ಮೇಲೆ ಕೈ ಹಾಕಿ, ನಮ್ಮಮ್ಮನ ಕೈ ಈಗ ಅತ್ತಿಗೆಗೆ ಬಂದಿದೆ ಎಂದು ಕೊಚ್ಚಿಕೊಳ್ಳುತ್ತಿದ್ದ. ನಾನು ಕೈ ಒರೆಸಿಕೊಂಡು ಹೊರಗೆ ಬಂದೆ.

"ಆ ಕಡಲೆ ನಾನು ಮಾಡಿದ್ದಲ್ಲ. ಒಲೆ ಹತ್ರ ಮಡಕೆ ಬದಲಾಯ್ತು. ಮಾಡಿದ್ದು ಎವ್ದೊಕಿಯಾ. ಇವನ ಹೆಂಡ್ತಿ. ಅದೇ ದಿನ ಸಂಜೆ ಮನೇಲಿ ಇವನು ಬೈದನಲ್ಲ, ಅದು ನನ್ನ ಕಡಲೆ."

ಪಾಂಡೆಲಿಸ್ ಕಾಫಿ ಮೂಗಿಗೆ ಹತ್ತಿಸಿಕೊಂಡ.

"ಅಲ್ಲಯ್ಯಾ ಝೆಪೊಸ್, ಸ್ವಂತ ಹೆಂಡ್ತಿ ಅಡುಗೆ ಗುರ್ತು ಸಿಗ್ಲಿಲ್ವಾ ನಿಂಗೆ?"

ಝೆಪೊಸನ ಮುಖ ಸುಟ್ಟ ಮೆಣಸಿನಕಾಯಿಯಾಯಿತು. ನನ್ನ ಹಿಂದೆಯೇ ಒಳಗೆ ಬಂದ. "ಊರ ಮುಂದೆ ನನ್ನ ಮರ್ಯಾದೆ ಕಳೆದ್ರಿ. ಶೀತಪೆಟ್ಟಿಗೆ ನಾಳೆ ಬರತ್ತೆ. ಭಾನುವಾರದಿಂದ ನೀವು ಈ ಅಡುಗೆಮನೆಗೆ ಕಾಲಿಡೋದು ಬೇಡ" ಎಂದ.

ಗೆದ್ದಿದ್ದನ್ನು ಕೈಯಾರೆ ಕಳೆದುಕೊಂಡೆ. ವಿಚಿತ್ರವೆಂದರೆ ಹಸಿವಾಯಿತು. ಕುರ್ಚಿ ಎಳೆದುಕೊಂಡು ಕೂತು ಎರಡು ತಟ್ಟೆ ಬೇಳೆ ಗೊಜ್ಜು ತಿಂದೆ.

ಆಗಸ್ಟ್ 13, ಶುಕ್ರವಾರ

ಶೀತಪೆಟ್ಟಿಗೆ ಬಂತು. ಶವಪೆಟ್ಟಿಗೆಯಷ್ಟು ಉದ್ದ. ಮೂಲೆಯಲ್ಲಿ ಕೂತು ಗುಂಯ್ ಎನ್ನುತ್ತಿದೆ.

ಅದರ ಹಿಂದೆಯೇ ಎವ್ದೊಕಿಯಾ ಬಂದಳು. ತನ್ನದೇ ಚಾಕು, ತನ್ನದೇ ಏಪ್ರನ್. "ಎಷ್ಟು ಕಡಲೆ ನೆನೆಹಾಕೋಣ?" ಎಂದಳು.

ಆಗಸ್ಟ್ 14, ಶನಿವಾರ

ಆರು ಮಡಕೆ. ಎರಡು ನಮ್ಮವು, ನಾಲ್ಕು ಅಕ್ಕಪಕ್ಕದಿಂದ ತಂದದ್ದು. ಮೂರು ನಾನು ಮಾಡಿದೆ, ಮೂರು ಎವ್ದೊಕಿಯಾ. ಉಪ್ಪಿನ ವಿಷಯಕ್ಕೆ ಎರಡು ಸಲ ಜಗಳವಾಯಿತು. ಅವಳು ಈರುಳ್ಳಿಯನ್ನು ತಳಕ್ಕೆ ಹಾಸುತ್ತಾಳೆ, ಎಣ್ಣೆಯನ್ನು ಕೊನೆಗೆ ಹಾಕುತ್ತಾಳೆ. ಅತ್ತೆ ಕಲಿಸಿದ್ದು ಇಷ್ಟೇನಾ ಎಂದು ಕೇಳಿದೆ.

"ಅತ್ತೆ ಏನೂ ಕಲಿಸ್ಲಿಲ್ಲ ಅಕ್ಕ. ಎರಡು ವರ್ಷ ಹೊಗೆ ಹತ್ರ ನಿಲ್ಲಿಸಿ, ನೋಡ್ಕೋ ಅಂದ್ರು. ರೋಸ್ಮರಿ ನಾನೇ ಹಾಕಿದ್ದು. ಅವರಿಗೆ ಅದು ಸೇರ್ತಿರ್ಲಿಲ್ಲ."

ಹದಿಮೂರು ವರ್ಷ ನಾನು ಇಲ್ಲದ ಗುಟ್ಟಿಗೆ ಹೊಟ್ಟೆ ಉರಿಸಿಕೊಂಡಿದ್ದೆ. ಅದನ್ನು ಅವಳಿಗೆ ಹೇಳಿದೆ. ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ನಾವಿಬ್ಬರೂ ಒಟ್ಟಿಗೆ ಗುಡ್ಡ ಹತ್ತಿದ್ದನ್ನು ನೋಡಿ ಲೂಕಾಸ್ ಅಜ್ಜ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡ. "ಈ ಸಲ ಗುರ್ತು ನೋಡಿ ತಗೊಂಡ್ ಹೋಗ್ರವ್ವ" ಎಂದ.

ಆಗಸ್ಟ್ 15, ಭಾನುವಾರ, ಹಬ್ಬ

ಮಧ್ಯಾಹ್ನ ದೋಣಿ ಬಂತು. ಮೂವತ್ತೆಂಟು ಜನ. ಝೆಪೊಸ್ ಇಸ್ತ್ರಿ ಶರ್ಟು ಹಾಕಿ ಫೋಟೋ ಹಾಳೆ ಹಂಚಿದ. ನಾವು ಬೆಳಿಗ್ಗೆ ಏಳಕ್ಕೇ ಅಡುಗೆಮನೆಯಲ್ಲಿದ್ದೆವು. ನನ್ನನ್ನು ಹೊರಗೆ ಹಾಕಲು ಹೆಂಡತಿಯ ಮುಂದೆ ಅವನಿಗೆ ಬಾಯಿ ಬರಲಿಲ್ಲ.

"ಮುಸಾಕಾ ಹದಿನಾಲ್ಕು" ಎಂದು ಕೂಗಿದ.

ಎವ್ದೊಕಿಯಾ ಗದ್ದ ಎತ್ತಿ 'ತ್ಸ್' ಎಂದಳು.

ತಾನೇ ಮಾಡುತ್ತೇನೆ ಎಂದು ಶೀತಪೆಟ್ಟಿಗೆಯಿಂದ ಎರಡು ತಟ್ಟೆ ತೆಗೆದ. ಅಮೃತಶಿಲೆಯಂತಿದ್ದವು. ಒಲೆಯ ಮುಂದೆ ನಿಂತ. ಯಾವ ಗುಂಡಿ ತಿರುಗಿಸಬೇಕೆಂದು ಗೊತ್ತಿಲ್ಲ. ಹುಟ್ಟಿದಾಗಿನಿಂದ ಇದೇ ಅಡುಗೆಮನೆಯಲ್ಲಿ ಓಡಾಡಿದವನು. "ಇದನ್ನ ಹಚ್ಚೋದು ಹೇಗೆ?" ಎಂದು ಕೇಳಿದ. ನಾವು ಮಡಕೆಗಳ ಹಿಟ್ಟು ಒಡೆಯುತ್ತಿದ್ದೆವು. ತಟ್ಟೆಗಳಿಂದ ನೀರು ಅವನ ಬೂಟಿನ ಮೇಲೆ ತೊಟ್ಟಿಕ್ಕುತ್ತಿತ್ತು.

ನಾನು ಹೊರಗೆ ಹೋಗಿ ಒಂದೊಂದೇ ಮೇಜಿನಿಂದ ಫೋಟೋ ಹಾಳೆ ಎತ್ತಿಕೊಂಡೆ. ಹಿಂದೆಯೇ ಎವ್ದೊಕಿಯಾ ಕಡಲೆಯ ತಟ್ಟೆ ಇಡುತ್ತ ಬಂದಳು. ಇಪ್ಪತ್ತೆರಡು ಜನ ಎದ್ದು ಪಿಜ್ಜಾ ಅಂಗಡಿಗೆ ಹೋದರು. ಹದಿನಾರು ಜನ ಕೂತರು. ಕ್ಯಾಪ್ಟನ್ ಬಂದು, ಇನ್ನು ಈ ಕಡೆ ದೋಣಿ ಬರುವುದಿಲ್ಲ ಎಂದ. ಸಮುದ್ರ ದೊಡ್ಡದಿದೆ ಎಂದೆ. ಖಾಲಿಯಾದ ಮೇಜುಗಳಿಗೆ ಊರವರು ಬಂದರು, ಪಾಂಡೆಲಿಸನ ಹೆಂಡತಿ ಎಲ್ಲರಿಗಿಂತ ಮೊದಲು. "ಹಬ್ಬದ ದಿನನಾದ್ರೂ ಬೇರೆಯವರ ಕೈಯಡುಗೆ ತಿನ್ನೋಣ ಅಂತ" ಎಂದಳು. ಪಾಂಡೆಲಿಸ್ ಹಿಂದೆ ನಿಂತು ಚಪ್ಪಲಿ ನೋಡಿಕೊಳ್ಳುತ್ತಿದ್ದ.

ಎಲ್ಲ ಮುಗಿದ ಮೇಲೆ ಝೆಪೊಸ್ ಒಳಗೆ ಬಂದು ಸ್ಟೂಲಿನ ಮೇಲೆ ಕುಸಿದ. "ದೋಣಿ ಹೋಯ್ತು. ನನ್ನ ಅರ್ಧ ಯಾರಿಗಾದ್ರೂ ಮಾರಿಬಿಡ್ತೀನಿ" ಎಂದ.

ಎವ್ದೊಕಿಯಾ ಎರಡು ತಟ್ಟೆ ತಂದು ಅವನ ಮುಂದಿಟ್ಟಳು. ಎರಡರಲ್ಲೂ ಕಡಲೆ. ಅವನ ಫೋನನ್ನು ತೆಗೆದು ತನ್ನ ಏಪ್ರನ್ ಜೇಬಿಗೆ ಹಾಕಿಕೊಂಡಳು.

"ಒಂದು ಅಕ್ಕಂದು, ಒಂದು ನಂದು. ನಂದು ಯಾವುದು ಹೇಳು. ಸರಿಯಾಗಿ ಹೇಳಿದ್ರೆ ನಾಳೆಯಿಂದ ನಿನ್ನ ಡಬ್ಬಿ ನಾನೇ ಬಿಸಿ ಮಾಡ್ತೀನಿ."

ಈ ಮಾತು ಅವಳು ನನಗೆ ಮೊದಲು ಹೇಳಿರಲಿಲ್ಲ. ಅವನು ಕೋಪದಲ್ಲೇ ಚಮಚ ಎತ್ತಿದ. ಇದರಿಂದ ಒಂದು ತುತ್ತು, ಅದರಿಂದ ಒಂದು ತುತ್ತು. ಮತ್ತೆ ಇದು, ಮತ್ತೆ ಅದು. ಕೋಪ ಇಳಿಯಿತು, ಆಮೇಲೆ ಮುಖದ ಮೇಲೆ ಇನ್ನೇನೋ ಬಂತು. ಕಣ್ಣು ಮುಚ್ಚಿಕೊಂಡು ತಿಂದ. ಎರಡೂ ತಟ್ಟೆ ಅರ್ಧ ಆಗುವವರೆಗೆ ನಾವು ಅಲ್ಲಾಡಲಿಲ್ಲ. ಅವನು ಗೊತ್ತಿಲ್ಲದೆಯೇ ಒಂದಕ್ಕೆ ಬೆರಳು ತೋರಿಸಿದ್ದರೂ ಗೆಲ್ಲುವ ಅವಕಾಶ ಅರ್ಧಕ್ಕರ್ಧ ಇತ್ತು. ತೋರಿಸಲಿಲ್ಲ.

"ಗೊತ್ತಾಗ್ತಿಲ್ಲ ಎವ್ದೊಕಿಯಾ" ಎಂದ. ದನಿ ತುಂಬ ಸಣ್ಣದಾಗಿತ್ತು.

"ಹಾಗಾದ್ರೆ ಗೊತ್ತಾಗೋವರೆಗೂ ತಿನ್ನು" ಎಂದಳು ಅವಳು. "ಪ್ರತಿ ಭಾನುವಾರ. ಇಲ್ಲೇ, ನಮ್ಮ ಮುಂದೆ ಕೂತು."

ಅವನು ಎರಡೂ ತಟ್ಟೆ ಖಾಲಿ ಮಾಡಿ, ಯಾವುದು ನಿನ್ನದು ಎಂದು ಕೇಳಿದ. ಎರಡು ಸಲ ಕೇಳಿದ. ನಾವು ಹೇಳಲಿಲ್ಲ. ಇಲ್ಲಿ ಬರೆಯುವುದೂ ಇಲ್ಲ.